ಸಾಕು ಎನ್ನುವ ಮಾತು

ಕ್ಯಾಲಿಫೋರ್ನಿಯಾದಲ್ಲಿರುವ ಮಗನ ಮನೆಗೋ ಮಗಳ ಮನೆಗೋ ಹೋಗಿಬಂದ ಹಿರಿಯರ ಮೊಬೈಲಿನಲ್ಲಿ ಒಂದು ಫೋಟೊ ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಸ್ಯಾನ್ ಫ್ರಾನ್ಸಿಸ್ಕೊ ಬಳಿಯ ಮ್ಯೂರ್ ವುಡ್ಸ್‌ನಲ್ಲಿ, ಗೋಡೆಯಂಥ ಕಾಂಡವೊಂದರ ಮುಂದೆ, ಸ್ವೆಟರ್ ಹಾಕಿಕೊಂಡು ನಿಂತ ಗಂಡ ಹೆಂಡತಿ. ಫೋಟೊ ತೆಗೆದವರು ಎಷ್ಟು ಹಿಂದೆ ಸರಿದಿದ್ದರೂ ಮರದ ತುದಿ ಅದರಲ್ಲಿ ಬಂದಿರುವುದಿಲ್ಲ. ‘ಮರ ಎಷ್ಟು ದೊಡ್ಡದು ಅಂದ್ರೆ ಫೋಟೊದಲ್ಲಿ ಹಿಡಿಸಲೇ ಇಲ್ಲ’ ಎಂದು ಅವರು ಹೇಳುವಾಗ ದನಿಯಲ್ಲಿ ದೂರಿಗಿಂತ ಹೆಮ್ಮೆಯೇ ಹೆಚ್ಚು.

ವರ್ಷಗಟ್ಟಲೆ ಇಂಥ ಕಾಡುಗಳಲ್ಲಿ ಕೆಲಸ ಮಾಡಿದ ಛಾಯಾಗ್ರಾಹಕರ ಪಾಡೂ ಇದಕ್ಕಿಂತ ತೀರಾ ಬೇರೆಯಲ್ಲ. ಹಿಡಿಸದ್ದನ್ನು ಚೌಕಟ್ಟಿಗೆ ತರಲು ಹೊರಟವರು ಅವರು. ಅವರಲ್ಲಿ ಕೆಲವರು ಇಂದಿಗೂ ಮೀಡಿಯಂ ಫಾರ್ಮ್ಯಾಟ್ ಫಿಲ್ಮ್ ಕ್ಯಾಮೆರಾವನ್ನೇ ಹೊತ್ತು ಆ ಕಾಡಿಗೆ ಹೋಗುತ್ತಾರೆ. ಅವರ ಚಿತ್ರಗಳನ್ನು ನೋಡುವಾಗ ನನಗೆ ಎದುರಾಗುವ ಪ್ರಶ್ನೆ ಕ್ಯಾಮೆರಾದ್ದಲ್ಲ. ನಮಗಿಂತ ಬಹಳ ಹಳೆಯದಾದ, ಬೇಡ ಎನ್ನಲು ಬಾಯಿಲ್ಲದ ಒಂದು ಜೀವವನ್ನು ನೋಡುವುದಕ್ಕೆ, ನೋಡಿದ್ದನ್ನು ಊರಿಗೆಲ್ಲ ತೋರಿಸುವುದಕ್ಕೆ ನಮಗಿರುವ ಹಕ್ಕು ಎಷ್ಟು?

ಮೊದಲು ಮರದ ವಿಷಯ. ರೆಡ್‌ವುಡ್ ಬೆಳೆಯುವುದು ಕ್ಯಾಲಿಫೋರ್ನಿಯಾದ ಕರಾವಳಿಯ ಕಿರಿದಾದ ಪಟ್ಟಿಯಲ್ಲಿ, ಅದಕ್ಕೆ ತಾಗಿದ ಆರೆಗನ್ ರಾಜ್ಯದ ದಕ್ಷಿಣ ಅಂಚಿನಲ್ಲಿ. ಜಗತ್ತಿನ ಅತಿ ಎತ್ತರದ ಮರ ಇದು. ನೂರು ಮೀಟರ್ ದಾಟಿದವು ಇವೆ, ಎರಡು ಸಾವಿರ ವರ್ಷ ಬದುಕಿದವೂ ಇವೆ. 19ನೇ ಶತಮಾನದ ನಡುವಿನಲ್ಲಿ ಚಿನ್ನದ ಆಸೆಗೆ ಜನ ಆ ಕಡೆ ನುಗ್ಗುವ ಮೊದಲು ಸುಮಾರು 20 ಲಕ್ಷ ಎಕರೆಯಷ್ಟು ಹಬ್ಬಿದ್ದ ಈ ಕಾಡಿನಲ್ಲಿ ಕೊಡಲಿ ಕಾಣದೆ ಉಳಿದದ್ದು ಶೇಕಡ 5ರಷ್ಟು ಮಾತ್ರ. ಇಷ್ಟು ಎತ್ತರದ ಮರಕ್ಕೆ ಆಳವಾದ ತಾಯಿಬೇರು ಇಲ್ಲ. ಬೇರುಗಳು ನೆಲದ ಮೇಲುಪದರದಲ್ಲೇ ಅಗಲಕ್ಕೆ ಹರಡಿ, ಅಕ್ಕಪಕ್ಕದ ಮರಗಳ ಬೇರುಗಳೊಂದಿಗೆ ಹೆಣೆದುಕೊಂಡಿರುತ್ತವೆ. ಈ ಸಂಗತಿಯನ್ನು ನೆನಪಿನಲ್ಲಿ ಇಟ್ಟುಕೊಂಡಿರಬೇಕು, ಮುಂದೆ ಬೇಕಾಗುತ್ತದೆ.

ಇನ್ನು ಕ್ಯಾಮೆರಾ. ಮೀಡಿಯಂ ಫಾರ್ಮ್ಯಾಟ್ ಎಂದರೆ ಇಂದು ಸಾಮಾನ್ಯವಾಗಿ 120 ಎಂಬ ಹೆಸರಿನ ಫಿಲ್ಮ್ ಬಳಸುವ ಕ್ಯಾಮೆರಾ. ಕೊಡಾಕ್ ಕಂಪನಿ 1901ರಲ್ಲಿ ತಂದ ಈ ರೋಲಿನ ಅಗಲ ಸುಮಾರು 6 ಸೆಂಟಿಮೀಟರ್. ನಮ್ಮಲ್ಲಿ ಮದುವೆ ಮನೆಗಳಲ್ಲಿ ಓಡಾಡುತ್ತಿದ್ದ 36 ಚಿತ್ರದ ರೋಲಿಗೆ ಹೋಲಿಸಿದರೆ ಇದರ ಒಂದೊಂದು ನೆಗೆಟಿವ್ ನಾಲ್ಕೈದು ಪಟ್ಟು ದೊಡ್ಡದಿರಬಹುದು. ತೊಗಟೆಯ ಬಿರುಕು, ಜರಿಗಿಡದ ಎಲೆಯಂಚು, ಪಾಚಿಯ ಮೇಲೆ ನಿಂತ ನೀರಿನ ಹನಿ ಎಲ್ಲವೂ ಅದರಲ್ಲಿ ಬಿಡಿಬಿಡಿಯಾಗಿ ಮೂಡುತ್ತವೆ. ಅದಕ್ಕೆ ತೆರುವ ಬೆಲೆಯೂ ಇದೆ. ಚೌಕ ಚಿತ್ರ ತೆಗೆಯುವ ಹ್ಯಾಸಲ್‌ಬ್ಲಾಡ್‌ನಲ್ಲಿ ಒಂದು ರೋಲಿಗೆ 12 ಚಿತ್ರ. ಮಾಮಿಯಾ ಆರ್‌ಬಿ67 ಅಥವಾ ಪೆಂಟಾಕ್ಸ್ 67 ಆದರೆ 10. ಅಲ್ಲಿಗೆ ರೋಲ್ ಮುಗಿಯಿತು. ಇಂಥ ಹಲವು ಕ್ಯಾಮೆರಾಗಳಲ್ಲಿ ಹೊಟ್ಟೆಯ ಮಟ್ಟದಲ್ಲಿರುವ ಗಾಜನ್ನು ಮೇಲಿನಿಂದ ಬಗ್ಗಿ ನೋಡಬೇಕು. ಗಾಜಿನಲ್ಲಿ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಕಾಣುತ್ತದೆ. ಮುಗಿಲಿಗೆ ಹೋದ ಮರವನ್ನು ಕಾಣಲು ತಲೆ ತಗ್ಗಿಸಬೇಕಾದ ಸಾಧನ ಇದು.

ಕಾಡಿನೊಳಗಿನ ಬೆಳಕು ಇನ್ನೊಂದು ಕಷ್ಟ. ಬಿಸಿಲಿರುವ ದಿನ ಅಲ್ಲಿ ಚಿತ್ರ ತೆಗೆಯುವುದು ಹೆಚ್ಚುಕಡಿಮೆ ದಂಡ. ಎಲೆಗಳ ಸಂದಿಯಿಂದ ಬಿದ್ದ ಬಿಸಿಲಿನ ತುಂಡು ಸುಣ್ಣದಂತೆ ಬೆಳ್ಳಗಾಗುತ್ತದೆ, ಪಕ್ಕದ ನೆರಳು ಮಸಿಯಾಗುತ್ತದೆ. ಫಿಲ್ಮ್ ಎರಡನ್ನೂ ಒಟ್ಟಿಗೆ ತಾಳುವುದಿಲ್ಲ. ಹಾಗಾಗಿ ಛಾಯಾಗ್ರಾಹಕ ಪೆಸಿಫಿಕ್ ಸಾಗರದಿಂದ ಏರಿಬರುವ ಮಂಜಿಗೆ ಕಾಯುತ್ತಾನೆ. ಮರವೂ ಅದಕ್ಕೇ ಕಾಯುತ್ತಿರುತ್ತದೆ. ಮಳೆಯಿಲ್ಲದ ಬೇಸಿಗೆಯಲ್ಲಿ ರೆಡ್‌ವುಡ್ ಕಾಡಿಗೆ ನೀರುಣಿಸುವುದು ಈ ಮಂಜೇ. ಇಡೀ ವರ್ಷದಲ್ಲಿ ಕಾಡಿಗೆ ಸಿಗುವ ನೀರಿನ ಸುಮಾರು ಮೂರನೇ ಒಂದು ಭಾಗ ಹೀಗೆ ಎಲೆಗಳಿಂದ ತೊಟ್ಟಿಕ್ಕಿದ್ದು ಎಂದು ಒಂದು ಅಧ್ಯಯನ ಲೆಕ್ಕ ಹಾಕಿದೆ.

ಮಂಜು ಬಂದಾಗ ಬೆಳಕು ಹದವಾಗುತ್ತದೆ, ಜೊತೆಗೆ ಇನ್ನೂ ಮಂಕಾಗುತ್ತದೆ. ಆಗ ಫಿಲ್ಮಿನ ಒಂದು ವಿಚಿತ್ರ ಗುಣ ಎದುರಾಗುತ್ತದೆ. ಬೆಳಕು ತೀರ ಕ್ಷೀಣವಾದಾಗ ಫಿಲ್ಮಿನ ಬೆಳ್ಳಿಯ ಹರಳುಗಳು ಬಂದ ಬೆಳಕನ್ನೆಲ್ಲ ಕೂಡಿಟ್ಟುಕೊಳ್ಳಲಾರವು. ಒಂದು ಕಣ ತಾಗಿ ಇನ್ನೊಂದು ಬರುವಷ್ಟರಲ್ಲಿ ಮೊದಲಿನದರ ಗುರುತು ಅಳಿಸಿರುತ್ತದೆ. ಆದ್ದರಿಂದ ಲೈಟ್ ಮೀಟರ್ ಹೇಳಿದ್ದಕ್ಕಿಂತ ಹೆಚ್ಚು ಹೊತ್ತು ಶಟರ್ ತೆರೆದಿಡಬೇಕು. ಕೊಡಾಕಿನ ಟ್ರೈ-ಎಕ್ಸ್ ಫಿಲ್ಮಿಗೆ ಕಂಪನಿಯೇ ಕೊಟ್ಟ ಕೋಷ್ಟಕದಲ್ಲಿ, ಮೀಟರ್ 10 ಸೆಕೆಂಡ್ ಎಂದರೆ 50 ಸೆಕೆಂಡ್ ಕೊಡಬೇಕು, 100 ಎಂದರೆ 1,200. ಅಂದರೆ ಇಪ್ಪತ್ತು ನಿಮಿಷ. ಅಷ್ಟು ಹೊತ್ತೂ ಛಾಯಾಗ್ರಾಹಕ ಟ್ರೈಪಾಡಿನ ಪಕ್ಕ ಸುಮ್ಮನೆ ನಿಂತಿರಬೇಕು. ಗಾಳಿಗೆ ಅಲುಗಿದ ಜರಿಗಿಡ ಚಿತ್ರದಲ್ಲಿ ಹೊಗೆಯಾಗುತ್ತದೆ, ಕಾಂಡ ಮಾತ್ರ ಕೆತ್ತಿದಂತೆ ಉಳಿಯುತ್ತದೆ.

ಇಲ್ಲಿಂದ ಒಂದು ಜನಪ್ರಿಯ ತೀರ್ಮಾನಕ್ಕೆ ಬರುವುದು ಸುಲಭ. ಡಿಜಿಟಲ್ ಎಂದರೆ ಅವಸರ, ಫಿಲ್ಮ್ ಎಂದರೆ ತಾಳ್ಮೆ; ಅವಸರ ದೋಚುತ್ತದೆ, ತಾಳ್ಮೆ ಗೌರವಿಸುತ್ತದೆ. ಫಿಲ್ಮ್ ಹಿಡಿದವರು ತಮ್ಮ ಕೆಲಸವನ್ನು ಧ್ಯಾನಕ್ಕೆ ಹೋಲಿಸಿಕೊಳ್ಳುವುದೂ ಉಂಟು. ಈ ಮಾತು ಕಿವಿಗೆ ಹಿತ, ಆದರೆ ಅದರ ತರ್ಕ ಗಟ್ಟಿಯಾಗಿಲ್ಲ.

ಯಾಕೆಂದರೆ ಈ ಮರಗಳನ್ನು ಕಡಿದವರೂ ನಿಧಾನಿಗಳೇ ಆಗಿದ್ದರು. ಕೊಡಲಿ ಮತ್ತು ಇಬ್ಬರು ಎಳೆಯುವ ಗರಗಸದ ಕಾಲದಲ್ಲಿ ಒಂದು ದೊಡ್ಡ ರೆಡ್‌ವುಡ್ ಉರುಳಿಸಲು ದಿನಗಳೇ ಬೇಕಿತ್ತು. ಬುಡದ ಉಬ್ಬನ್ನು ತಪ್ಪಿಸಲು ಕಾಂಡಕ್ಕೆ ಹಲಗೆ ಸಿಕ್ಕಿಸಿ, ಅದರ ಮೇಲೆ ನಿಂತು ಕಡಿಯುತ್ತಿದ್ದರು. ಬಿದ್ದ ರಭಸಕ್ಕೆ ಮರ ಒಡೆದು ಹೋಳಾಗಬಾರದೆಂದು, ಅದು ಬೀಳುವ ಜಾಗದಲ್ಲಿ ಮಣ್ಣು ಮತ್ತು ಕೊಂಬೆರೆಂಬೆಗಳ ಹಾಸಿಗೆ ಹಾಸುತ್ತಿದ್ದರು. ಮರ ಯಾವ ಕಡೆ ವಾಲಿದೆ, ಗಾಳಿ ಎತ್ತಣದ್ದು, ಒಳಗೆ ಪೊಳ್ಳಿದೆಯೇ ಎಂದು ಸೂಕ್ಷ್ಮವಾಗಿ ಗಮನಿಸುತ್ತಿದ್ದರು. ಇವರಷ್ಟು ಏಕಾಗ್ರತೆಯಿಂದ ಆ ಮರವನ್ನು ನೋಡಿದ ಛಾಯಾಗ್ರಾಹಕರು ಎಷ್ಟು ಮಂದಿ?

ಅವರನ್ನು ಚಿತ್ರಿಸಿದವರೂ ಕಸುಬು ಬಲ್ಲವರೇ. ಉತ್ತರ ಕ್ಯಾಲಿಫೋರ್ನಿಯಾದ ಆರ್ಕೇಟಾ ಊರಿನ ಅಗಸ್ಟಸ್ ವಿಲಿಯಂ ಎರಿಕ್ಸನ್ 19ನೇ ಶತಮಾನದ ಕೊನೆಯ ದಶಕಗಳಿಂದ ಈ ಮರದ ಉದ್ಯಮವನ್ನು ಚಿತ್ರಿಸುತ್ತ ಬಂದವರು. ಆ ಕಾಲದ ಅಂಥ ಫೋಟೊಗಳಲ್ಲಿ ಕಾಂಡಕ್ಕೆ ಹಾಕಿದ ಕಚ್ಚಿನೊಳಗೆ ಆಳುಗಳು ಮೈಚಾಚಿ ಮಲಗಿರುತ್ತಾರೆ, ಕೊಡಲಿ ಊರಿಕೊಂಡು ಕ್ಯಾಮೆರಾದ ಕಡೆ ನೋಡುತ್ತಿರುತ್ತಾರೆ. ಕ್ಯಾಮೆರಾ ಭಾರವಾದದ್ದು, ನೆಗೆಟಿವ್ ದೊಡ್ಡದು, ವಿವರ ಅದ್ಭುತ. ಮ್ಯೂರ್ ವುಡ್ಸ್‌ನ ಫೋಟೊದಲ್ಲಿರುವ ಹೆಮ್ಮೆಯೇ ಅಲ್ಲೂ ಇದೆ: ನೋಡಿ, ಮರ ಎಷ್ಟು ದೊಡ್ಡದು! ಬೆರಗು ಒಂದೇ. ಒಬ್ಬರ ಬೆರಗು ಮರವನ್ನು ಅಳೆದು ಸುಮ್ಮನಾಗುತ್ತದೆ, ಇನ್ನೊಬ್ಬರದು ಹಲಗೆಯ ಲೆಕ್ಕ ಹಾಕುತ್ತದೆ. ತಾಳ್ಮೆ, ಗಮನ, ಬೆರಗು ಇವು ಯಾವುವೂ ತಾವಾಗಿಯೇ ಒಳ್ಳೆಯವಲ್ಲ. ಅವು ಯಾವುದಕ್ಕೆ ದುಡಿಯುತ್ತಿವೆ ಎಂದು ಕೇಳಲೇಬೇಕು.

ಹಾಗಾದರೆ ಫಲವನ್ನು ನೋಡಿ ತೀರ್ಮಾನಿಸೋಣವೇ? ಚಿತ್ರದಿಂದ ಕಾಡು ಉಳಿಯಿತೋ ಅಳಿಯಿತೋ ಎಂದು ಕೇಳಿದರೆ ಉತ್ತರ ಸಿಗಬೇಕಲ್ಲ? ಇತಿಹಾಸ ಎರಡೂ ಬಗೆಯ ಸಾಕ್ಷಿ ಕೊಡುತ್ತದೆ.

1900ರ ಸುಮಾರಿನಲ್ಲಿ ಸ್ಯಾನ್ ಹೋಸೆಯ ಚಿತ್ರಕಾರ, ಛಾಯಾಗ್ರಾಹಕ ಆಂಡ್ರ್ಯೂ ಹಿಲ್ ಸ್ಯಾಂಟಾ ಕ್ರೂಜ್ ಬೆಟ್ಟಗಳ ಖಾಸಗಿ ರೆಡ್‌ವುಡ್ ತೋಪೊಂದರಲ್ಲಿ ಫೋಟೊ ತೆಗೆಯಲು ಹೋದರು. ತೋಪಿನ ಒಡೆಯ ರೇಗಿ, ತೆಗೆದ ಪ್ಲೇಟುಗಳನ್ನು ಕೊಟ್ಟುಹೋಗುವಂತೆ ಪಟ್ಟು ಹಿಡಿದ. ಹಿಲ್ ಕೊಡಲಿಲ್ಲ. ಸಾವಿರಾರು ವರ್ಷದ ಮರವನ್ನು ನೋಡಲು ಒಬ್ಬನ ಅಪ್ಪಣೆ ಬೇಕೇ ಎಂಬ ಸಿಟ್ಟು ಅವರನ್ನು ಹೋರಾಟಕ್ಕೆ ಇಳಿಸಿತು. 1900ರ ಮೇ ತಿಂಗಳಲ್ಲಿ ಬಿಗ್ ಬೇಸಿನ್ ಕಾಡಿನಲ್ಲಿ ಬೀಡುಬಿಟ್ಟ ಒಂದು ಸಣ್ಣ ಗುಂಪು ಸೆಂಪರ್‌ವೈರೆನ್ಸ್ ಕ್ಲಬ್ ಕಟ್ಟಿತು. ಹಿಲ್ ತಮ್ಮ ಫೋಟೊಗಳನ್ನು ಶಾಸಕರ ಮುಂದಿಟ್ಟು ವಾದಿಸಿದರು. 1902ರಲ್ಲಿ ಬಿಗ್ ಬೇಸಿನ್ ಸಾರ್ವಜನಿಕ ಉದ್ಯಾನವಾಯಿತು. ಇಂದು ಅದು ಕ್ಯಾಲಿಫೋರ್ನಿಯಾದ ಅತಿ ಹಳೆಯ ರಾಜ್ಯ ಉದ್ಯಾನ. ಅರವತ್ತು ವರ್ಷಗಳ ನಂತರ, 1963ರಲ್ಲಿ, ಸಿಯೆರಾ ಕ್ಲಬ್ ‘ದಿ ಲಾಸ್ಟ್ ರೆಡ್‌ವುಡ್ಸ್’ ಎಂಬ ಪುಸ್ತಕ ತಂದಿತು. ಫಿಲಿಪ್ ಹೈಡ್ ಅವರ ಕ್ಯಾಮೆರಾ ಅದರಲ್ಲಿ ಮಂಜಿನ ಕಾಡನ್ನಷ್ಟೇ ತೋರಿಸಲಿಲ್ಲ, ಕಡಿದು ಬೋಳಾದ ಇಳಿಜಾರುಗಳನ್ನೂ ತೋರಿಸಿತು. 1968ರಲ್ಲಿ ರೆಡ್‌ವುಡ್ ರಾಷ್ಟ್ರೀಯ ಉದ್ಯಾನ ಘೋಷಣೆಯಾಗುವುದರ ಹಿಂದೆ ಇಂಥ ಚಿತ್ರಗಳ ಒತ್ತಡವೂ ಇತ್ತು.

ಈಗ ಇನ್ನೊಂದು ಮಗ್ಗುಲು. 2006ರಲ್ಲಿ ಅದೇ ರಾಷ್ಟ್ರೀಯ ಉದ್ಯಾನದ ಮೂಲೆಯೊಂದರಲ್ಲಿ ಜಗತ್ತಿನ ಅತಿ ಎತ್ತರದ ಮರ ಪತ್ತೆಯಾಯಿತು. ಎತ್ತರ 115 ಮೀಟರಿಗೂ ಹೆಚ್ಚು. ಹೆಸರು ಹೈಪೀರಿಯನ್. ಅದಿರುವ ಜಾಗವನ್ನು ಗುಟ್ಟಾಗಿಡಲಾಯಿತು, ಆದರೆ ಗುಟ್ಟು ಉಳಿಯಲಿಲ್ಲ. ಅಲ್ಲಿಗೆ ದಾರಿಯಿಲ್ಲ. ಜನ ಪೊದೆ ತುಳಿದು ದಾರಿ ಮಾಡಿಕೊಂಡರು. ಬುಡದ ಜರಿಗಿಡಗಳು ನಾಶವಾದವು, ಮಣ್ಣು ಗಟ್ಟಿಯಾಯಿತು, ಕಸ ಬಿತ್ತು, ಮಲವೂ ಬಿತ್ತು. ಆಳವಿಲ್ಲದ ಬೇರಿನ ಮರಕ್ಕೆ ಮಣ್ಣು ಗಟ್ಟಿಯಾಗುವುದು ಸಣ್ಣ ಮಾತಲ್ಲ. 2022ರಲ್ಲಿ ಉದ್ಯಾನದ ಆಡಳಿತ ಆ ಪ್ರದೇಶವನ್ನೇ ಮುಚ್ಚಿತು. ಒಳಗೆ ಸಿಕ್ಕಿಬಿದ್ದವರಿಗೆ 5,000 ಡಾಲರಿನವರೆಗೆ ದಂಡ, ಆರು ತಿಂಗಳವರೆಗೆ ಜೈಲು. ವಿಪರ್ಯಾಸವೆಂದರೆ ಬುಡದಲ್ಲಿ ನಿಂತವರಿಗೆ ಅದರ ತುದಿ ಕಾಣುವುದೇ ಇಲ್ಲ. ಸುತ್ತಲಿನ ದೊಡ್ಡ ಮರಗಳಿಗಿಂತ ಅದು ಬೇರೆಯಾಗಿಯೂ ತೋರುವುದಿಲ್ಲ. ಅಲ್ಲಿಗೆ ಹೋದವರು ಕಾಣಲು ಹೋದದ್ದು ಮರವನ್ನಲ್ಲ, ಒಂದು ಅಂಕಿಯನ್ನು.

ಅಲ್ಲಿಗೆ ಹೋದವರೆಲ್ಲ ಮರದ್ವೇಷಿಗಳೇ? ಖಂಡಿತ ಅಲ್ಲ. ಬಹುಪಾಲು ಮಂದಿ ಮರವನ್ನು ಪ್ರೀತಿಸುವವರೇ. ತಾನೊಬ್ಬ ಹೋದರೆ ಏನಾದೀತು ಎಂದುಕೊಂಡವರು. ಒಬ್ಬೊಬ್ಬರ ಲೆಕ್ಕವೂ ಸರಿಯೇ, ಒಬ್ಬನ ಹೆಜ್ಜೆಯಿಂದ ಜರಿಗಿಡಗಳ ಹಾಸು ಸಾಯುವುದಿಲ್ಲ. ತಪ್ಪು ಇರುವುದು ಎಲ್ಲರೂ ತಮ್ಮನ್ನು ಕೊನೆಯವರೆಂದು ಭಾವಿಸುವುದರಲ್ಲಿ. ಹಿಲ್ ತೆಗೆದ ಚಿತ್ರವೂ ಬನ್ನಿ, ನೋಡಿ ಎಂದೇ ಹೇಳಿತ್ತು. ಹೈಪೀರಿಯನ್ ಬುಡದಲ್ಲಿ ತೆಗೆದ ಚಿತ್ರವೂ ಹೇಳಿದ್ದು ಅದನ್ನೇ. ಒಂದು ಮಾತು ಕಾಡನ್ನು ಉಳಿಸಿತು, ಅದೇ ಮಾತು ಕಾಡನ್ನು ಸವೆಸಿತು. ಹೀಗಿರುವಾಗ ಒಳಿತನ್ನು ಸಾಧನದಲ್ಲಾಗಲಿ, ತಾಳ್ಮೆಯಲ್ಲಾಗಲಿ, ಪ್ರೀತಿಯಲ್ಲಾಗಲಿ ಹುಡುಕಿ ಫಲವಿಲ್ಲ. ಪ್ರೀತಿಗೆ ಒಂದು ಮೇರೆ ಇದೆಯೇ ಎಂಬಲ್ಲಿ ಹುಡುಕಬೇಕು.

ಕನ್ನಡದಲ್ಲಿ ‘ಸಾಕು’ ಎಂಬ ಮಾತನ್ನು ನಾವು ಎರಡು ಕಡೆ ಬಳಸುತ್ತೇವೆ. ಊಟಕ್ಕೆ ಕೂತಾಗ ಎಲೆಯ ಮೇಲೆ ಕೈ ಅಡ್ಡ ಹಿಡಿದು ಹೇಳುವುದು ಒಂದು. ದನ ಸಾಕುವುದು, ಮಕ್ಕಳನ್ನು ಸಾಕುವುದು ಎನ್ನುವಾಗ ಬರುವುದು ಇನ್ನೊಂದು. ಪದಗಳ ಹುಟ್ಟಿನ ಚರ್ಚೆಯನ್ನು ಪಂಡಿತರಿಗೆ ಬಿಡೋಣ. ಬಾಳಿನಲ್ಲಿ ಮಾತ್ರ ಇವೆರಡಕ್ಕೂ ನಂಟಿದೆ. ಕರುವಿಗೆ ಬಿಟ್ಟು ಹಾಲು ಕರೆಯುವವನು ಇಷ್ಟು ಸಾಕು ಎಂದು ಎದ್ದರೆ ಮಾತ್ರ ಕರು ಬದುಕುತ್ತದೆ. ಸಾಕು ಎನ್ನಲು ಬಾರದವನಿಗೆ ಸಾಕಲೂ ಬರುವುದಿಲ್ಲ.

ಫಿಲ್ಮಿನ ಬಗ್ಗೆ ನನಗಿರುವ ಗೌರವ ಈ ಕಾರಣಕ್ಕೆ. ಅದು ಸಾಕು ಎನ್ನುವುದನ್ನು ಬಲವಂತವಾಗಿ ಕಲಿಸುತ್ತದೆ. ಹತ್ತು ಚಿತ್ರವಾದ ಮೇಲೆ ಕ್ಯಾಮೆರಾ ತಾನೇ ನಿಲ್ಲುತ್ತದೆ. ಇಡೀ ಮರ ಹಿಡಿಸುವುದಿಲ್ಲ, ಬುಡವೋ ನಡುವೋ ಒಂದು ತುಂಡನ್ನು ಆರಿಸಿಕೊಳ್ಳಬೇಕು. ಕ್ಯಾಮೆರಾವನ್ನು ಮೇಲಕ್ಕೆ ತಿರುಗಿಸಿದರೆ ಕಾಂಡಗಳು ಒಂದರ ಕಡೆಗೊಂದು ವಾಲಿ ಸುಳ್ಳು ಹೇಳುತ್ತವೆ. ತಂತ್ರಜ್ಞಾನ ಈ ಮಿತಿಯನ್ನೂ ದಾಟಿದೆ. 2009ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಗಾಗಿ ಮೈಕೆಲ್ ನಿಕೊಲ್ಸ್ ಮತ್ತು ಅವರ ತಂಡ ಹಗ್ಗಗಳ ಮೇಲೆ ಕ್ಯಾಮೆರಾ ಇಳಿಸುತ್ತ, 84 ಡಿಜಿಟಲ್ ಚಿತ್ರಗಳನ್ನು ಹೊಲಿದು, ಒಂದು ರೆಡ್‌ವುಡ್ಡನ್ನು ಬುಡದಿಂದ ತುದಿಯವರೆಗೆ ತೋರಿಸಿದರು. ಮಡಿಸಿಟ್ಟ ಆ ಉದ್ದನೆಯ ಪುಟ ಬಿಚ್ಚಿದವರು ಉಸಿರು ಬಿಗಿಹಿಡಿದರು. ಅದು ದೊಡ್ಡ ಸಾಧನೆ, ಅದನ್ನು ಕೀಳುಮಾಡುವ ಉದ್ದೇಶ ನನಗಿಲ್ಲ. ಆದರೆ ಆ ಮರವನ್ನು ಹಾಗೆ ಯಾವ ಕಣ್ಣೂ ಕಂಡಿಲ್ಲ, ಕಾಣಲಾರದು. ಹತ್ತು ಚಿತ್ರದ ರೋಲಿನ ತುಂಡು ಚಿತ್ರ ತನ್ನ ಸೋಲನ್ನು ಒಪ್ಪಿಕೊಂಡೇ ನಮ್ಮ ಮುಂದೆ ಬರುತ್ತದೆ. ಚೌಕಟ್ಟಿನಾಚೆ ಮರ ಇನ್ನೂ ಇದೆ ಎಂದು ಅದು ನೆನಪಿಸುತ್ತದೆ.

ಆದರೂ ಯಂತ್ರ ಹೇರಿದ ಮಿತಿ ನೀತಿಯಾಗುವುದಿಲ್ಲ. ಜೇಬಿನಲ್ಲಿ ಹಣವಿಲ್ಲದೆ ಕುಡಿಯದವನನ್ನು ಸಂಯಮಿ ಎನ್ನುವುದಿಲ್ಲ. ಚೀಲದಲ್ಲಿ ಇನ್ನೂ ಇಪ್ಪತ್ತು ರೋಲ್ ಇರಬಹುದು. ಒಳ್ಳೆಯ ಕೋನಕ್ಕಾಗಿ ದಾರಿ ಬಿಟ್ಟು ಇಳಿದರೆ ಎರಡೂವರೆ ಕಿಲೊ ಕ್ಯಾಮೆರಾ, ಟ್ರೈಪಾಡಿನ ಮೂರು ಕಾಲು, ಮಂಡಿಯೂರಿದ ಎರಡು ಕಾಲು ಎಲ್ಲವೂ ಜರಿಗಿಡದ ಮೇಲೇ ಊರುತ್ತವೆ. ಆಗ ತಾಳ್ಮೆಯೇ ಅಪಾಯ, ಇಪ್ಪತ್ತು ನಿಮಿಷ ನಿಂತವನು ಎರಡು ಸೆಕೆಂಡ್ ನಿಂತವನಿಗಿಂತ ಹೆಚ್ಚು ತುಳಿಯುತ್ತಾನೆ. ಕೋನ ಸಿಗದಿದ್ದರೆ ಬೇಡ ಎಂದು ದಾರಿಯ ಮೇಲೇ ಉಳಿಯುವುದು, ಚಿತ್ರ ಪ್ರಕಟಿಸುವಾಗ ಜಾಗದ ಗುರುತು ಹೇಳದಿರುವುದು, ಕೆಲವು ಮರಗಳ ಮುಂದೆ ಕ್ಯಾಮೆರಾ ಹೊರತೆಗೆಯದೆ ನಡೆದುಬಿಡುವುದು ಇವು ಯಂತ್ರ ಕಲಿಸುವ ಪಾಠಗಳಲ್ಲ. ನೀತಿ ಶುರುವಾಗುವುದು ಅಲ್ಲಿ.

ಇದಕ್ಕೆ ಒಂದು ಗಟ್ಟಿಯಾದ ಆಕ್ಷೇಪಣೆ ಇದೆ. ‘ಕಂಡವರು ಕಂಡರು, ಇನ್ನು ಬಾಗಿಲು ಹಾಕಿ ಎನ್ನುವುದು ಉಳ್ಳವರ ನೀತಿಯಲ್ಲವೇ? ತೋಪಿನ ಒಡೆಯ ಹಿಲ್‌ಗೆ ಹೇಳಿದ್ದೂ ಅದನ್ನೇ ಅಲ್ಲವೇ? ಕಾಡು ಜನರ ಕಣ್ಣಿಗೆ ಬೀಳದಿದ್ದರೆ ಅದರ ಪರವಾಗಿ ಯಾರು ನಿಲ್ಲುತ್ತಾರೆ?’ ಈ ಪ್ರಶ್ನೆಯನ್ನು ತಳ್ಳಿಹಾಕಲಾಗದು. ಆದರೆ ಕಾಡನ್ನು ತೋರಿಸುವುದು ಬೇರೆ, ಒಂದು ಮರದ ವಿಳಾಸ ಹಂಚುವುದು ಬೇರೆ. ಹಿಲ್ ಶಾಸಕರಿಂದ ಕೇಳಿದ್ದು ಕಾಡಿಗೆ ರಕ್ಷಣೆ. ಹೈಪೀರಿಯನ್ ಬುಡದ ಚಿತ್ರ ಕೇಳುವುದು ತೆಗೆದವನಿಗೆ ಮೆಚ್ಚುಗೆ. ತೋಪಿನ ಒಡೆಯ ಬಾಗಿಲು ಹಾಕಿದ್ದು ತನ್ನ ಲಾಭಕ್ಕೆ. ಬೇರಿಗಾಗಿ ಬಾಗಿಲು ಹಾಕುವಾಗ ಛಾಯಾಗ್ರಾಹಕ ತಾನೂ ಹೊರಗೇ ನಿಲ್ಲುತ್ತಾನೆ. ಹಾಗೆ ನಿಲ್ಲದೆ ಇತರರಿಗೆ ಮಾತ್ರ ಬೇಡ ಎಂದರೆ ಆಕ್ಷೇಪಣೆಯೇ ಗೆಲ್ಲುತ್ತದೆ.

ಮೇರೆ ಹಾಕುವುದೆಂದರೆ ಎಲ್ಲವನ್ನೂ ಬಚ್ಚಿಡುವುದೂ ಅಲ್ಲ. ಕೆಲವನ್ನು ತೋರಿಸಲೇಬೇಕು, ಅಂಥವನ್ನೇ ಸುಂದರ ಚಿತ್ರಗಳು ಹೊರಗಿಡುತ್ತವೆ. 1978ರಲ್ಲಿ ರೆಡ್‌ವುಡ್ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ 48,000 ಎಕರೆಯಲ್ಲಿ ಬಹುಪಾಲು ಆಗಲೇ ಕಡಿದಾಗಿದ್ದ ನೆಲ. ಮಂಜಿನ ಮರಗಳ ಹತ್ತು ಚಿತ್ರ ನೋಡಿದವನಿಗೆ ಎಲ್ಲವೂ ಹಾಗೇ ಇದೆ ಎನ್ನಿಸಿದರೆ, ಆ ಹತ್ತೂ ಸೇರಿ ಒಂದು ಸುಳ್ಳಾಗುತ್ತವೆ. ಹೈಡ್ ಮೋಟುಗಳ ಕಡೆಗೂ ಕ್ಯಾಮೆರಾ ತಿರುಗಿಸಿದ್ದು ಈ ಸುಳ್ಳನ್ನು ಮುರಿಯಲು. ಇನ್ನೊಂದು ಸುಳ್ಳು ಹಳೆಯದು: ಮನುಷ್ಯನಿಲ್ಲದ ಕಾಡು ಎಂಬುದು. ಕ್ಲಾಮತ್ ನದಿಯ ದಡದ ಯುರೋಕ್ ಜನ ಛಾಯಾಗ್ರಾಹಕರಿಗಿಂತ ಬಹಳ ಮೊದಲಿನಿಂದ ಈ ಮರಗಳೊಂದಿಗೆ ಬಾಳಿದವರು. ರೆಡ್‌ವುಡ್ ಹಲಗೆಯಲ್ಲಿ ಮನೆ ಕಟ್ಟಿದರು, ದಿಮ್ಮಿ ಕೊರೆದು ದೋಣಿ ಮಾಡಿದರು. ದೋಣಿಯೊಳಗೆ ಅದರ ಹೃದಯವನ್ನೂ ಕೆತ್ತುತ್ತಾರೆ, ಅವರ ಪಾಲಿಗೆ ದೋಣಿಯೂ ಒಂದು ಜೀವ. ಬಳಸಿಯೂ ಸಾಕಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಅವರ ಕೈತಪ್ಪಿದ ನೆಲದಲ್ಲಿ 125 ಎಕರೆಯನ್ನು ಹಿಂದಿರುಗಿಸುವ ಒಪ್ಪಂದವೊಂದು 2024ರಲ್ಲಿ ಆಯಿತು. ನಿರ್ಜನ ಕಾಡಿನ ಚಿತ್ರಗಳು ಅವರನ್ನು ಚೌಕಟ್ಟಿನಿಂದ ಹೊರಗಿಟ್ಟೇ ಸುಂದರವಾಗಿದ್ದವು.

ಕೊನೆಗೆ ಫಿಲ್ಮಿನ ಸ್ವಂತ ಸಾಲದ ಮಾತನ್ನೂ ಹೇಳಬೇಕು. ಅದರ ಬೆಳ್ಳಿ ಗಣಿಯದು. ಆ ಬೆಳ್ಳಿಯ ಹರಳುಗಳನ್ನು ಹಿಡಿದಿಡುವ ಜೆಲಟಿನ್ ದನಗಳ ಮೂಳೆ, ಚರ್ಮದಿಂದ ತೆಗೆದದ್ದು. ಅದರ ತೆಳುಹಾಳೆ ಗಿಡಮರಗಳ ಸೆಲ್ಯುಲೋಸಿನದು. ಮರದ ಚಿತ್ರ ಮೂಡುವ ಹಾಳೆಯೂ ಒಂದು ಲೆಕ್ಕದಲ್ಲಿ ಸಸ್ಯದ್ದೇ. ಶುದ್ಧ ಕೈಗಳಿಂದ ನೋಡುವ ಭಾಗ್ಯ ಯಾರಿಗೂ ಇಲ್ಲ, ಡಿಜಿಟಲ್ ಕ್ಯಾಮೆರಾ ಹಿಡಿದವರಿಗೂ ಇಲ್ಲ. ನೋಡುವುದೆಂದರೆ ಏನನ್ನಾದರೂ ಖರ್ಚು ಮಾಡುವುದು. ಖರ್ಚಿಗೆ ತಕ್ಕಷ್ಟು ಕಂಡೆವೇ ಎಂಬ ಲೆಕ್ಕವನ್ನು ಮಾತ್ರ ಕೊಡಬಹುದು.

2020ರ ಆಗಸ್ಟಿನಲ್ಲಿ ಸಿಡಿಲಿನಿಂದ ಹೊತ್ತಿಕೊಂಡ ಬೆಂಕಿ ಬಿಗ್ ಬೇಸಿನ್ ಉದ್ಯಾನದ ಶೇಕಡ 97ರಷ್ಟನ್ನು ಸುಟ್ಟಿತು. ಹಿಲ್ ಚಿತ್ರ ತೆಗೆದು ಉಳಿಸಿದ ಕಾಡು ಅದೇ. ಕಾಂಡಗಳೆಲ್ಲ ಕಪ್ಪಾದವು, ಒಂದು ಹಸಿರೆಲೆಯೂ ಉಳಿಯದ ಮರಗಳು ನೂರಾರು. ಆದರೆ ಹಳೆಯ ರೆಡ್‌ವುಡ್‌ಗಳಲ್ಲಿ ಹೆಚ್ಚಿನವು ಸಾಯಲಿಲ್ಲ, ತಿಂಗಳುಗಳಲ್ಲೇ ಸುಟ್ಟ ತೊಗಟೆಯಿಂದ ಚಿಗುರು ಹೊಮ್ಮಿತು. ಆ ಚಿಗುರನ್ನು ಪರೀಕ್ಷಿಸಿದ ವಿಜ್ಞಾನಿಗಳು 2023ರಲ್ಲಿ ಪ್ರಕಟಿಸಿದ್ದು ಹೀಗೆ: ಆ ಮೊಗ್ಗುಗಳು ತೊಗಟೆಯಡಿ ಶತಮಾನಗಳಿಂದ ಮಲಗಿದ್ದವು, ಅವನ್ನು ಹೊರತಂದ ಆಹಾರವನ್ನು ಮರ ದಶಕಗಳ ಹಿಂದಿನ ಬಿಸಿಲಿನಲ್ಲಿ ಮಾಡಿ ಖರ್ಚು ಮಾಡದೆ ಇಟ್ಟುಕೊಂಡಿತ್ತು. ಈಗ ಅಲ್ಲಿಗೆ ಫಿಲ್ಮ್ ಹೊತ್ತು ಹೋಗುವವರು ಆ ಕಪ್ಪು ಕಾಂಡವನ್ನೂ, ಅದರ ಮೈತುಂಬ ಎದ್ದ ಹಸಿರು ರೋಮವನ್ನೂ ಒಂದೇ ಚೌಕಟ್ಟಿನಲ್ಲಿ ಕಾಣಬಹುದು. ಅದರ ಒಂದೇ ಒಂದು ಚಿತ್ರ ತೆಗೆದು, ದಾರಿಯ ಮೇಲೇ ಹಿಂದಿರುಗಿ, ಉಳಿದ ಒಂಬತ್ತನ್ನು ರೋಲಿನಲ್ಲೇ ಬಿಟ್ಟು ಬಂದವರು ಕಾಡಿಗೆ ಏನನ್ನೋ ಕೊಟ್ಟು ಬಂದಿರುತ್ತಾರೆ ಎಂದು ನಾನು ನಂಬುತ್ತೇನೆ.